ಹೆಗ್ಗಡೆಯವರ ಪುಸ್ತಕ

ದಣಿವಿನಲ್ಲಿ ಎರಡು ಜಾತಿ ಎಂದು ನಾನು ಬಹಳ ದಿನಗಳಿಂದ ನಂಬಿಕೊಂಡು ಬಂದಿದ್ದೇನೆ. ತನ್ನ ಹುಚ್ಚಿಗೆ ತಾನೇ ದಣಿಯುವುದು ಒಂದು. ಅದಕ್ಕೆ ಲೋಕದಲ್ಲಿ ಮರ್ಯಾದೆ ಇದೆ. ಬೆಟ್ಟ ಹತ್ತಿದವರು, ಸಂಗೀತ ಕಲಿತವರು, ಮನೆ ಕಟ್ಟಿಸಿದವರು ಆ ದಣಿವನ್ನು ನಾಲ್ಕು ಜನರ ಮುಂದೆ ಹೇಳಿಕೊಂಡು ಹಿಗ್ಗುತ್ತಾರೆ. ಇನ್ನೊಂದು, ಬೇರೆಯವರ ಹುಚ್ಚಿಗೆ ನಾವು ದಣಿಯುವುದು. ಇದನ್ನು ಯಾರ ಹತ್ತಿರವೂ ಹೇಳಿಕೊಳ್ಳುವ ಹಾಗಿಲ್ಲ. ಹೇಳಿದರೆ, ನಿನಗ್ಯಾಕೆ ಬೇಕಿತ್ತು ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ನನ್ನದು ಈ ಎರಡನೆಯ ಜಾತಿ. ಜಗತ್ತಿನ ಮೂಲೆಮೂಲೆಯಿಂದ ಹಳೆಯ ಹೀಬ್ರೂ ಕೈಬರಹದ ಪುಸ್ತಕಗಳನ್ನು ತರಿಸುವ ಒಬ್ಬ ಮುದುಕರ ಹುಚ್ಚನ್ನು, ಸಿಂಗಪುರದ ಸೆಕೆಯಲ್ಲಿ ವರ್ಷಗಟ್ಟಲೆ ಹೊತ್ತು ನನ್ನ ಬೆನ್ನು ಬಾಗಿದೆ. ಆ ಪುಸ್ತಕಗಳಲ್ಲಿ ಏನು ಬರೆದಿದೆ ಎಂದು ಮಾತ್ರ ದಯವಿಟ್ಟು ಕೇಳಬೇಡಿ. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಮೈಸೂರಿನಲ್ಲಿ ಲೈಬ್ರರಿ ಸೈನ್ಸ್ ಓದಿದವಳು. ಮದುವೆಯಾಗಿ, ಗಂಡನ ಸಾಫ್ಟ್‌ವೇರ್ ಕೆಲಸದ ಹಿಂದೆ ಸಿಂಗಪುರಕ್ಕೆ ಬಂದು, ಸೆಂಗ್‌ಕಾಂಗಿನ ಫ್ಲ್ಯಾಟಿನಲ್ಲಿ ಸಾಂಬಾರ ಪುಡಿ, ಸಾಸಿವೆ ಡಬ್ಬಗಳನ್ನು ಅಕಾರಾದಿಯಾಗಿ ಜೋಡಿಸುತ್ತ ಕೂತಿದ್ದಾಗ, ಪರಿಚಯದವರೊಬ್ಬರು ಒಬ್ಬ ವಯಸ್ಸಾದವರ ಪುಸ್ತಕಗಳನ್ನು ಓರಣ ಮಾಡಿಕೊಡುತ್ತೀಯಾ ಎಂದು ಕೇಳಿದರು. ಹಳೆಯ ಕಾದಂಬರಿ, ಪತ್ರಿಕೆ ಇರಬಹುದು, ಒಂದೆರಡು ವಾರದಲ್ಲಿ ಮುಗಿದೀತು ಎಂದುಕೊಂಡು ಹೋದೆ. ಕಟೊಂಗ್ ಬಡಾವಣೆಯ ಒಂದು ಹಳೆಯ ಅಪಾರ್ಟ್‌ಮೆಂಟಿನಲ್ಲಿ ಬಾಗಿಲು ತೆರೆದವರೇ ರೂಬೆನ್ ಅಂಕಲ್. ಎಂಬತ್ತರ ಹತ್ತಿರದ ಯಹೂದಿ ಮುದುಕರು. ಅವರ ಹಿರಿಯರು ಬಾಗ್ದಾದಿನಿಂದ ಕಲ್ಕತ್ತೆಗೆ ಬಂದು, ಅಲ್ಲಿಂದ ಸಿಂಗಪುರಕ್ಕೆ ಬಂದವರು. ಮನೆಯೊಳಗೆ ಹೋದರೆ ಸೋಫಾ ಕಾಣುತ್ತಿರಲಿಲ್ಲ, ಪುಸ್ತಕ ಕಾಣುತ್ತಿತ್ತು. ಪುಟಪುಟಕ್ಕೂ ಚಿನ್ನದ ರೇಕು ಹಚ್ಚಿದ ಪ್ರಾರ್ಥನೆ ಪುಸ್ತಕಗಳು, ಅಂಚಿನಲ್ಲಿ ನವಿಲು ದಾಳಿಂಬೆ ಬರೆದ ಮದುವೆ ಕರಾರುಗಳು, ಜಾತಕದ ಹಾಗೆ ಸುತ್ತಿಟ್ಟ ಚರ್ಮದ ಸುರುಳಿಗಳು. ಒಂದೊಂದು ಅಕ್ಷರದ ಹೊಟ್ಟೆಯೊಳಗೆ ಒಂದೊಂದು ಹಕ್ಕಿ. ನೋಡುತ್ತ ನಿಂತವಳಿಗೆ ಬೇರೇನೂ ತೋಚಲಿಲ್ಲ, ಒಪ್ಪಿಕೊಂಡುಬಿಟ್ಟೆ.

ಮೊದಲ ದಿನವೇ ಇಡೀ ಒಂದು ಕಪಾಟನ್ನು ಉಲ್ಟಾ ಜೋಡಿಸಿದೆ. ಹೀಬ್ರೂ ಬಲದಿಂದ ಎಡಕ್ಕೆ ಹೋಗುವ ಬರಹ. ನಮ್ಮ ಪುಸ್ತಕ ಮುಗಿಯುವ ಕಡೆ ಅವರದು ಶುರುವಾಗುತ್ತದೆ. ಅಂಕಲ್ ಬೈಯಲಿಲ್ಲ. ಒಂದೊಂದನ್ನೇ ತಿರುಗಿಸಿಟ್ಟು ಚಹಾ ಮಾಡಿಕೊಟ್ಟರು. ಕ್ರಮೇಣ ಅಕ್ಷರಗಳ ಮುಖಪರಿಚಯವಾಯಿತು. ಬೀದಿಯಲ್ಲಿ ದಿನಾ ಎದುರಾಗುವವರಿಗೆ ಹೆಸರು ಗೊತ್ತಿಲ್ಲದಿದ್ದರೂ ನಗುತ್ತೇವಲ್ಲ, ಅಷ್ಟು ಮಟ್ಟಿಗೆ. ಪುಸ್ತಕದ ಹೆಸರು, ಊರು, ಕಾಲ ಎಲ್ಲವನ್ನೂ ಅಂಕಲ್ ಪೆನ್ಸಿಲಿನಲ್ಲಿ ಇಂಗ್ಲಿಷಿನಲ್ಲಿ ಬರೆದುಕೊಡುತ್ತಿದ್ದರು, ನಾನು ಕಂಪ್ಯೂಟರಿಗೆ ಹಾಕುತ್ತಿದ್ದೆ. ಒಮ್ಮೆ ಹೀಬ್ರೂ ಕಲಿಯುವ ಸಂಜೆ ಕ್ಲಾಸಿಗೂ ಸೇರಿದ್ದೆ. ಮಗಳ ಈಜಿನ ಕ್ಲಾಸೂ ಅದೇ ಹೊತ್ತಿಗಿದ್ದುದರಿಂದ ಹೀಬ್ರೂ ಮುಳುಗಿತು. ಅಷ್ಟು ಹೊತ್ತಿಗೆ ಮೈಸೂರಿನಲ್ಲಿ ನಮ್ಮತ್ತೆ ತಮ್ಮ ಸೊಸೆ ಹೀಬ್ರೂ ಪಂಡಿತೆ ಎಂದು ಬೀದಿಗೆಲ್ಲ ಹೇಳಿಯಾಗಿತ್ತು. ದೂರದ ಊರಿನಲ್ಲಿ ಹಬ್ಬಿದ ಕೀರ್ತಿಯನ್ನು ಇಲ್ಲಿಂದ ಫೋನು ಮಾಡಿ ಕೆಡಿಸುವುದು ಸರಿಯಲ್ಲ ಎಂದು ನಾನೂ ಸುಮ್ಮನಿದ್ದೆ.

ಇನ್ನು ಹವೆಯ ವಿಷಯ. ಸಿಂಗಪುರದಲ್ಲಿ ಮನುಷ್ಯರು ಬದುಕಬಹುದು, ಪುಸ್ತಕಗಳಿಗೆ ಕಷ್ಟ. ವಾರ ಗಮನ ಕೊಡದಿದ್ದರೆ ರಟ್ಟಿನ ಮೇಲೆ ಬೂಷ್ಟು ಬರುತ್ತದೆ, ಪುಟದೊಳಗಿಂದ ಬೆಳ್ಳಗೆ ಮಿರುಗುವ ಹುಳು ಇಣುಕುತ್ತದೆ. ಅದಕ್ಕೆಂದು ಅಂಕಲ್ ಮನೆಯಲ್ಲಿ ತೇವ ಹೀರುವ ಯಂತ್ರಗಳು ಹಗಲಿರುಳು ಗುಂಯ್ ಎನ್ನುತ್ತಿದ್ದವು. ಅವುಗಳ ಹೊಟ್ಟೆ ತುಂಬಿದಾಗ ನೀರು ಚೆಲ್ಲುವುದು ಪಂಡಿತೆಯ ಕೆಲಸ. ಲೈಬ್ರರಿ ಸೈನ್ಸಿನಲ್ಲಿ ನನಗೆ ರ್ಯಾಂಕ್ ಬಂದಿತ್ತು ಎನ್ನುವುದನ್ನು ಬಕೆಟ್ ಹೊತ್ತುಕೊಂಡು ಹೋಗುವಾಗಲೆಲ್ಲ ನೆನೆಸಿಕೊಳ್ಳುತ್ತಿದ್ದೆ.

ಆ ಮನೆಯಲ್ಲಿ ಇನ್ನೊಬ್ಬರಿದ್ದರು. ಅಂಕಲ್‌ಗಿಂತ ಐದಾರು ವರ್ಷ ದೊಡ್ಡವರಾದ ಅವರ ಅಕ್ಕ, ಮೊಜೆಲ್ ಆಂಟಿ. ಇಬ್ಬರೂ ಮದುವೆಯಾದವರಲ್ಲ. ಆಂಟಿಗೆ ಪುಸ್ತಕ ಎಂದರೆ ಸಿಟ್ಟು. ಒಂದು ದಿನ ಸ್ನಾನಕ್ಕೆ ಹೋದರೆ ಬಾತ್‌ಟಬ್ಬಿನಲ್ಲೂ ಪುಸ್ತಕದ ಪೆಟ್ಟಿಗೆಗಳನ್ನು ಪೇರಿಸಿದ್ದನ್ನು ಕಂಡು, ಇನ್ನು ಒಂದೇ ಒಂದು ಪುಸ್ತಕ ಈ ಮನೆಗೆ ಬಂದರೂ ತಾನು ವೃದ್ಧಾಶ್ರಮಕ್ಕೆ ಹೋಗುತ್ತೇನೆ ಎಂದು ಹೆದರಿಸಿ, ಮನೆಗೆ ಇನ್ನು ಪುಸ್ತಕ ತರುವುದಿಲ್ಲವೆಂದು ತಮ್ಮನ ಕೈಲಿ ಆಣೆ ಮಾಡಿಸಿಕೊಂಡಿದ್ದರು. ಅಂಕಲ್ ಆಣೆಯನ್ನು ಅಕ್ಷರಶಃ ಪಾಲಿಸಿದರು. ಅಂದಿನಿಂದ ಒಂದು ಪುಸ್ತಕವೂ ಆ ಮನೆಗೆ ಬರಲಿಲ್ಲ, ಎಲ್ಲ ಸೆಂಗ್‌ಕಾಂಗಿನ ನಮ್ಮ ಮನೆಗೆ ಬಂದವು. ನನಗೆ ಫೋನು ಬರುತ್ತಿತ್ತು. "ವಾಣಿ, ಕೂತಿದೀಯಾ? ಕೂತ್ಕೋ" ಎಂದರೆ ಅಂಕಲ್ ಏನೋ ಕೊಂಡುಕೊಂಡಿದ್ದಾರೆ ಎಂದರ್ಥ. ಅವರ ಇಂಗ್ಲಿಷನ್ನು ಇಲ್ಲಿ ಕನ್ನಡದಲ್ಲೇ ಹೇಳುತ್ತೇನೆ, ಅವರ ಇಂಗ್ಲಿಷೂ ಕನ್ನಡದಷ್ಟೇ ನಿಧಾನ. ಹೀಗೆ ಬಂದ ಪೆಟ್ಟಿಗೆಗಳನ್ನು ಬಾಂಬ್ ಶೆಲ್ಟರಿನಲ್ಲಿ ಇಡುತ್ತಿದ್ದೆ. ಇಲ್ಲಿಯ ಸರ್ಕಾರಿ ಫ್ಲ್ಯಾಟುಗಳಲ್ಲಿ ಯುದ್ಧಕಾಲಕ್ಕೆಂದು ದಪ್ಪ ಗೋಡೆಯ, ಕಬ್ಬಿಣದ ಬಾಗಿಲಿನ ಪುಟ್ಟ ಕೋಣೆ ಇರುತ್ತದೆ. ಯುದ್ಧ ಬರುವವರೆಗೆ ಚೀನೀಯರು ಅಲ್ಲಿ ಸೂಟ್‌ಕೇಸು ಇಡುತ್ತಾರೆ, ನಾವು ದೇವರನ್ನು ಇಡುತ್ತೇವೆ. ನಮ್ಮ ಮನೆಯಲ್ಲಿ ಒಂದು ಗೋಡೆಗೆ ದೇವರು, ಎದುರು ಗೋಡೆಗೆ ಅಂಕಲ್ ಪುಸ್ತಕ, ನಡುವೆ ಗುಂಯ್ ಎನ್ನುವ ಒಂದು ಯಂತ್ರ.

ಒಂದು ವರ್ಷ, ಮಳೆ ಹಿಡಿದ ಮಧ್ಯಾಹ್ನ ಬಂದ ಫೋನಿನಲ್ಲಿ ಅಂಕಲ್ ದನಿ ಬೇರೆಯಾಗಿತ್ತು. ಕೂತುಕೋ ಎನ್ನಲೇ ಇಲ್ಲ. ಅಮ್ಮನ ಹಗ್ಗಡಾ ಸಿಕ್ಕಿತು ಎಂದರು.

ಹಗ್ಗಡಾ ಎಂದರೆ ಯಹೂದಿಗಳ ವಸಂತದ ಹಬ್ಬದಲ್ಲಿ ಓದುವ ಪುಸ್ತಕ. ಈಜಿಪ್ಟಿನಲ್ಲಿ ಗುಲಾಮರಾಗಿದ್ದ ಅವರ ಹಿರಿಯರು ಹೇಗೆ ಬಿಡುಗಡೆಯಾದರು ಎಂಬ ಕತೆಯನ್ನು ಮನೆಯವರೆಲ್ಲ ಊಟದ ಮೇಜಿನ ಸುತ್ತ ಕೂತು ಓದುತ್ತಾರೆ, ನಡುನಡುವೆ ದ್ರಾಕ್ಷಾರಸ ಕುಡಿಯುತ್ತಾರೆ, ಹುದುಗು ಬರಿಸದ ರೊಟ್ಟಿಯನ್ನು ಖರ್ಜೂರದ ಪಾಕದಲ್ಲಿ ಅದ್ದಿ ತಿನ್ನುತ್ತಾರೆ. ಊಟದ ಪುಸ್ತಕವಾದ್ದರಿಂದ ಹಳೆಯ ಹಗ್ಗಡಾ ಎಂದ ಮೇಲೆ ಒಂದಲ್ಲ ಒಂದು ಕಲೆ ಇದ್ದೇ ಇರುತ್ತದೆ. ಇವರ ತಾತ ಕಲ್ಕತ್ತೆಯಲ್ಲಿ ಮಗಳಿಗೆಂದು ಕೈಯಾರೆ ಬರೆದು ಬಣ್ಣ ಹಾಕಿದ ಹಗ್ಗಡಾ ಒಂದಿತ್ತಂತೆ. ಸಿಂಗಪುರಕ್ಕೆ ಬರುವಾಗ ಹಡಗಿನಲ್ಲಿ ಒಂದು ಟ್ರಂಕು ಕಾಣೆಯಾಯಿತು, ಪುಸ್ತಕ ಅದರಲ್ಲಿತ್ತು. ಆಗ ಅಂಕಲ್ ತೀರ ಚಿಕ್ಕವರು. ಸೀರೆ ಉಟ್ಟ ಹೆಂಗಸರು ನೆಲದ ಮೇಲೆ ಕೂತು ರೊಟ್ಟಿ ಲಟ್ಟಿಸುವ ಒಂದು ಚಿತ್ರ ಬಿಟ್ಟರೆ ಅವರಿಗೆ ಏನೂ ನೆನಪಿರಲಿಲ್ಲ. ಆ ಒಂದು ಚಿತ್ರವನ್ನು ಹುಡುಕಿಕೊಂಡು ಹೋಗಿಯೇ ಅವರು ಸಂಗ್ರಹಕಾರರಾದದ್ದು. ಪ್ರತಿ ವರ್ಷ ಹಬ್ಬದೂಟಕ್ಕೆ ಕೂತಾಗ ಮೊಜೆಲ್ ಆಂಟಿ ಒಂದೇ ಮಾತು ಹೇಳುತ್ತಿದ್ದರಂತೆ, "ಊರವರ ಅಮ್ಮಂದಿರ ಪುಸ್ತಕವನ್ನೆಲ್ಲ ತಂದು ತುಂಬಿಸಿದೆ ರೂಬಿ, ನಮ್ಮಮ್ಮನದು ಎಲ್ಲಿ?" ಈಗ ಲಂಡನ್ನಿನ ಒಬ್ಬ ವ್ಯಾಪಾರಿಯ ಹತ್ತಿರ ಕಲ್ಕತ್ತೆಯ ಹಗ್ಗಡಾ ಬಂದಿತ್ತು, ಅದರಲ್ಲಿ ಸೀರೆ ಉಟ್ಟ ಹೆಂಗಸರು ರೊಟ್ಟಿ ಲಟ್ಟಿಸುತ್ತಿದ್ದರು. ಅಂಕಲ್ ಹಿಂದೆ ಮುಂದೆ ನೋಡದೆ ತರಿಸಿದರು.

ಅದನ್ನು ಕೊಡುವುದಕ್ಕೂ ಒಂದು ಮುಹೂರ್ತವಿತ್ತು. ಯಹೂದಿಗಳ ಕ್ಯಾಲೆಂಡರೂ ನಮ್ಮ ಪಂಚಾಂಗದ ಹಾಗೆ ಚಂದ್ರನನ್ನು ನೆಚ್ಚಿಕೊಂಡದ್ದು. ಅವರ ಹೊಸ ವರ್ಷವೂ ನಮ್ಮ ನವರಾತ್ರಿಯೂ ಎಷ್ಟೋ ಸಲ ಒಂದೇ ಅಮಾವಾಸ್ಯೆಯ ಬೆನ್ನಿಗೆ ಬರುತ್ತವೆ. ನಮಗೆ ಹತ್ತನೆಯ ದಿನ ವಿಜಯದಶಮಿಯಾದರೆ ಅವರಿಗೆ ಹತ್ತನೆಯ ದಿನ ದೊಡ್ಡ ಉಪವಾಸ. ವರ್ಷದ ಪಾಪಗಳಿಗೆಲ್ಲ ದೇವರಲ್ಲಿ ಕ್ಷಮೆ ಕೇಳುವ ದಿನ. ಅದಕ್ಕೆ ಮೊದಲು, ತಾವು ನೋಯಿಸಿದ ಮನುಷ್ಯರನ್ನು ಕಂಡು ಅವರ ಕ್ಷಮೆಯನ್ನೂ ಕೇಳಬೇಕು. ಉಪವಾಸ ಹಿಂದಿನ ದಿನ ಸೂರ್ಯ ಮುಳುಗುವಾಗಲೇ ಶುರುವಾಗುತ್ತದೆ, ಆಮೇಲೆ ಅವರು ಫೋನು ಮುಟ್ಟುವುದಿಲ್ಲ, ಒಂದು ಸಾಮಾನು ಹೊರುವುದಿಲ್ಲ. ನಮ್ಮ ನವಮಿಯ ದಿನ ಸೂರ್ಯ ಮುಳುಗುವ ಮೊದಲು ಅಕ್ಕನ ಕೈಗೆ ಅಮ್ಮನ ಪುಸ್ತಕ ಕೊಟ್ಟು, ಬಾತ್‌ಟಬ್ಬಿನಿಂದ ಹಿಡಿದು ಎಲ್ಲದಕ್ಕೂ ಕ್ಷಮೆ ಕೇಳಬೇಕೆಂದು ಅಂಕಲ್ ನಿಶ್ಚಯಿಸಿದ್ದರು. ಅಕ್ಕನಿಗೆ ಎಂಬತ್ತು ದಾಟಿತ್ತು, ಆ ವರ್ಷ ಒಮ್ಮೆ ಆಸ್ಪತ್ರೆಗೂ ಹೋಗಿ ಬಂದಿದ್ದರು. ಮುಂದಿನ ವರ್ಷ ಕೊಡುತ್ತೇನೆ ಎನ್ನುವ ಧೈರ್ಯ ತಮಗಿಲ್ಲ ಎಂದು ನನ್ನ ಹತ್ತಿರ ಹೇಳಿದರು.

ಪುಸ್ತಕ ಬಂತು. ತೊಗಲಿನ ರಟ್ಟು, ಒಳಗೆ ದಪ್ಪ ಕಾಗದ. ಪುಟಪುಟವನ್ನೂ ನೋಡಿ ಟಿಪ್ಪಣಿ ಮಾಡಿಕೊಂಡೆ. ರೊಟ್ಟಿ ಲಟ್ಟಿಸುವ ಹೆಂಗಸರು ನಮ್ಮ ಕಡೆಯವರ ಹಾಗೆಯೇ ಸೆರಗು ಸಿಕ್ಕಿಸಿಕೊಂಡಿದ್ದರು. ಆಶ್ಚರ್ಯವೆಂದರೆ ಇಡೀ ಪುಸ್ತಕದಲ್ಲಿ ಒಂದು ಕಲೆ ಇರಲಿಲ್ಲ. ಎಷ್ಟು ನೀಟಾದ ಮನೆಯವರೋ ಎಂದು ಮೆಚ್ಚಿಕೊಂಡೆ. ಬೂದು ಬಣ್ಣದ ಪೆಟ್ಟಿಗೆಯಲ್ಲಿ ಮಲಗಿಸಿ ಶೆಲ್ಟರಿನಲ್ಲಿಟ್ಟು, ಹಗ್ಗಡಾ ಕ್ಷೇಮವಾಗಿ ಬಂತು ಎಂದು ಅಂಕಲ್‌ಗೆ ಫೋನು ಮಾಡಿದೆ.

ಆ ಫೋನನ್ನು ನಮ್ಮತ್ತೆ ಕೇಳಿಸಿಕೊಂಡರು. ಅತ್ತೆ ನವರಾತ್ರಿಗೆಂದು ಮೈಸೂರಿನಿಂದ ಬಂದಿದ್ದರು, ಬಟ್ಟೆಗಿಂತ ಹೆಚ್ಚು ಪಟ್ಟದ ಗೊಂಬೆಗಳನ್ನು ತಂದಿದ್ದರು. ನನ್ನ ಇಂಗ್ಲಿಷ್ ಮಾತಿನ ನಡುವೆ ಅವರ ಕಿವಿಗೆ ಬಿದ್ದದ್ದು ಹೆಗ್ಗಡೆ ಎಂಬ ಒಂದು ಶಬ್ದ. ಹೆಗ್ಗಡೆಯವರು ಏನೋ ಕಳಿಸಿದ್ದಾರೆ ಎಂದು ಅವರು ತಿಳಿದರು. ಯಾವ ಹೆಗ್ಗಡೆ ಎಂದು ಕೇಳುವುದು ದೊಡ್ಡವರಿಗೆ ಶೋಭೆಯಲ್ಲವೆಂದು ಕೇಳಲಿಲ್ಲ. ಇದರ ಮೇಲೆ ನನ್ನದೂ ಕೊಡುಗೆ ಇತ್ತು. ಆ ಪೆಟ್ಟಿಗೆಗಳನ್ನು ಕೈ ತೊಳೆದುಕೊಂಡೇ ಮುಟ್ಟಬೇಕು, ಊಟದ ಮೇಜಿನ ಮೇಲೆ ಇಡಬಾರದು, ಹತ್ತಿರ ಕೂತು ತಿಂಡಿ ತಿನ್ನಬಾರದು ಎಂದೆಲ್ಲ ನಾನೇ ಅವರಿಗೆ ತಾಕೀತು ಮಾಡಿದ್ದೆ. ಇಷ್ಟು ಮಡಿ ಕೇಳುವ ಪುಸ್ತಕ ನಮ್ಮ ಮನೆಗಳಲ್ಲಿ ಯಾವುದಿದ್ದೀತು, ನೀವೇ ಹೇಳಿ.

ಸಪ್ತಮಿಯ ದಿನ ಸರಸ್ವತಿಯನ್ನು ಕೂರಿಸಬೇಕು. ಅದಕ್ಕೆ ಪುಸ್ತಕ ಬೇಕು. ಅತ್ತೆ ಮೊಮ್ಮಗಳನ್ನು ಕೇಳಿದರು. ನಾಲ್ಕನೇ ಕ್ಲಾಸಿನ ಅನನ್ಯ ಅಜ್ಜಿಯ ಮಾತು ಮುಗಿಯುವ ಮೊದಲೇ ಮ್ಯಾತ್ಸ್, ಸೈನ್ಸ್, ಇಂಗ್ಲಿಷ್, ಅಸೆಸ್‌ಮೆಂಟ್ ಬುಕ್ಕು ಎಲ್ಲ ತಂದು ರಾಶಿ ಹಾಕಿದಳು. ಸರಸ್ವತಿಯ ಮುಂದೆ ಇಟ್ಟ ಪುಸ್ತಕವನ್ನು ವಿಜಯದಶಮಿಯ ಪುನಃಪೂಜೆಯ ತನಕ ತೆಗೆಯುವ ಹಾಗಿಲ್ಲ, ಓದುವ ಹಾಗಿಲ್ಲ ಎಂದು ಅವಳಿಗೆ ಯಾರೋ ಹೇಳಿದ್ದರು. "ಗಾಡ್ ಸೇ ಕೆನಾಟ್ ರೀಡ್ ಲಾ, ಮಮ್ಮಿ" ಎಂದು ನನಗೆ ಧರ್ಮ ಬೋಧಿಸಿದಳು. ಮುಂದಿನ ವಾರ ಅವಳಿಗೆ ವರ್ಷದ ಪರೀಕ್ಷೆ. ನಾನು ಅಷ್ಟೂ ಪುಸ್ತಕ ವಾಪಸು ತೆಗೆದುಕೊಂಡು ಹೋದೆ. ಗಂಡ ತನ್ನ ಟ್ಯಾಬ್ ಇಡಬಹುದೆಂದ. ಪುಸ್ತಕವೇ ಇಲ್ಲದ ಮನೆಯಲ್ಲಿ ಸರಸ್ವತಿಯನ್ನು ಎಲ್ಲಿ ಕೂರಿಸಲಿ ಎಂದು ಅತ್ತೆ ಒಂದು ನಿಟ್ಟುಸಿರು ಬಿಟ್ಟದ್ದನ್ನು ಕೇಳಿಸಿಕೊಂಡೂ ನಾನು ಎಂಆರ್‌ಟಿ ರೈಲು ಹಿಡಿದು ಕಟೊಂಗಿನ ಕೆಲಸಕ್ಕೆ ಹೊರಟುಹೋದೆ.

ಸಂಜೆ ಬಂದವಳೇ ಶೆಲ್ಟರಿಗೆ ಇಣುಕಿದೆ. ರೇಷ್ಮೆ ರವಿಕೆ ಕಣದ ಮೇಲೆ ಹಗ್ಗಡಾ ರಟ್ಟು ತೆರೆದು ಮಲಗಿತ್ತು. ಮಲ್ಲಿಗೆ, ಅಕ್ಷತೆ, ಪಕ್ಕದಲ್ಲಿ ಉರಿಯುವ ಎರಡು ಎಣ್ಣೆದೀಪ. ಮೊದಲ ಪುಟದ ನಡುವೆ ಒಂದು ಅಗಲವಾದ ಕುಂಕುಮದ ಬೊಟ್ಟು, ಸುತ್ತ ಗಂಧ. ಗುಂಯ್ ಎಂದು ಮಂತ್ರಕ್ಕೆ ಅಡ್ಡ ಬರುತ್ತದೆಂದು ಯಂತ್ರವನ್ನು ಆರಿಸಿದ್ದರು. ತೊಗಲಿನ ರಟ್ಟಿಗೆ ಕುಂಕುಮ ಇಡುವುದು ಹೇಗೆಂದು ಒಳಗಿನ ಪುಟಕ್ಕೇ ಇಟ್ಟೆ, ಹೆಗ್ಗಡೆಯವರು ಎಷ್ಟು ಚೆನ್ನಾಗಿ ಬರೆದಿದ್ದಾರೆ, ನಮ್ಮವರ ಹಾಗೇ ಹೋಳಿಗೆ ಲಟ್ಟಿಸುವ ಚಿತ್ರವೂ ಇದೆ ಎಂದು ಅತ್ತೆ ತೃಪ್ತಿಯಿಂದ ಹೇಳಿದರು. ಅದು ಮೊದಲ ಪುಟವಲ್ಲ, ಕೊನೆಯ ಪುಟ. ಹೇಳಿದರೆ ಮೊದಲ ಪುಟಕ್ಕೂ ಒಂದು ಬೊಟ್ಟು ಇಟ್ಟುಬಿಡುತ್ತಿದ್ದರು.

ಪುಸ್ತಕ ನಮ್ಮದಲ್ಲ, ನವಮಿಯ ಮಧ್ಯಾಹ್ನ ಅಂಕಲ್‌ಗೆ ಕೊಡಬೇಕು ಎಂದೆ. ಅತ್ತೆ ಕೂಗಾಡುವವರಲ್ಲ. ಕೂಗಾಡಿದ್ದರೆ ನಾನೂ ಕೂಗಬಹುದಿತ್ತು. ದಶಮಿ ಬೆಳಿಗ್ಗೆ ವಿಸರ್ಜನೆಯಾದ ಮೇಲೆ ಧಾರಾಳವಾಗಿ ಕೊಡು ಎಂದರು. ದಶಮಿಯ ದಿನ ಅವರು ಸೂಜಿಯನ್ನೂ ಎತ್ತುವುದಿಲ್ಲ ಎಂದು ವಿವರಿಸಿದೆ. "ಹಂಗಾದ್ರೆ ಏಕಾದಶಿಗೆ ಕೊಡು. ಕೂತಿರೋಳನ್ನ ಎಬ್ಬಿಸ್ಬಾರ್ದು ವಾಣಿ" ಎಂದು ಬತ್ತಿ ಸರಿ ಮಾಡಿದರು. ಗಂಡನನ್ನು ಕೇಳಿದೆ. ಅವನು ಆಯುಧಪೂಜೆಗೆ ಸೈಕಲ್ ತೊಳೆಯಬೇಕೆಂದು ಕಟ್ಟಡದ ಕೆಳಗಿನ ವಾಯ್ಡ್ ಡೆಕ್ಕಿಗೆ ಇಳಿದುಹೋದ.

ಮಾರನೆಯ ದಿನ ಅತ್ತೆ ಸ್ನಾನಕ್ಕೆ ಹೋದಾಗ ನಾನೇ ತೆಗೆದುಬಿಡಬೇಕೆಂದು ಶೆಲ್ಟರಿಗೆ ಹೋದೆ. ನಾನೇನು ಭಾರಿ ದೈವಭಕ್ತೆಯಲ್ಲ. ಆದರೂ ದೀಪ ಉರಿಯುತ್ತಿತ್ತು, ಅಕ್ಷತೆ ಇತ್ತು, ಚಿಕ್ಕಂದಿನಲ್ಲಿ ಹೀಗೆ ಇಟ್ಟ ಮಗ್ಗಿ ಪುಸ್ತಕದ ಹತ್ತಿರ ಸುಳಿಯಲು ಹೆದರುತ್ತಿದ್ದದ್ದು ನೆನಪಾಯಿತು. ಪುಸ್ತಕವನ್ನು ಅಲ್ಲೇ ಬಿಟ್ಟೆ. ದೀಪ ಸ್ವಲ್ಪ ದೂರ ಸರಿಸಿ, ಯಂತ್ರ ಹಾಕಿ, ಈಚೆ ಬಂದೆ. ಲೈಬ್ರರಿ ಸೈನ್ಸೂ ಸರಸ್ವತಿಯೂ ಒಂದೇ ಕೋಣೆಯಲ್ಲಿ ಸಿಕ್ಕಿಬಿದ್ದರೆ ಸೋಲುವವಳು ನಾನು ಎಂದು ಗೊತ್ತಾಯಿತು.

ನವಮಿಯ ಬೆಳಿಗ್ಗೆ ಅಂಕಲ್‌ಗೆ ನಿಜ ಹೇಳಿಬಿಡೋಣವೆಂದು ಫೋನು ಎತ್ತುವಷ್ಟರಲ್ಲಿ ಅವರದೇ ಫೋನು ಬಂತು. ನಾನು ಬಾಯಿ ತೆರೆಯುವ ಮೊದಲು ಅವರು ಕ್ಷಮೆ ಕೇಳಲು ಶುರುಮಾಡಿದರು. ವರ್ಷವಿಡೀ ಬಕೆಟ್ ಹೊರಿಸಿದ್ದಕ್ಕೆ, ಭಾನುವಾರ ಫೋನು ಮಾಡಿದ್ದಕ್ಕೆ, ನನ್ನ ಮನೆಯನ್ನು ಗೋದಾಮು ಮಾಡಿದ್ದಕ್ಕೆ. ಒಂದೊಂದಕ್ಕೂ ಪರವಾಗಿಲ್ಲ ಅಂಕಲ್ ಎನ್ನುತ್ತ ಹೋದೆ. ಕೊನೆಗೆ ಅವರ ಪಟ್ಟಿ ಮುಗಿದ ಮೇಲೆ ನನ್ನದನ್ನು ಹೇಳಿದೆ. ನಿಮ್ಮ ಅತ್ತೆ ಅದನ್ನು ಯಾವಾಗ ಮುಟ್ಟಲು ಬಿಡುತ್ತಾರೆ ಎಂದು ಕೇಳಿದರು. ನಾಳೆ ಬೆಳಿಗ್ಗೆ ಎಂದೆ. ನಾಳೆ ತಾವೂ ಏನನ್ನೂ ಮುಟ್ಟುವ ಹಾಗಿಲ್ಲವಲ್ಲ ಎಂದು ಗೊಣಗಿ, ಮುಟ್ಟಬಾರದು ಎನ್ನುವ ಕಾಯಿಲೆ ನಮ್ಮಲ್ಲೂ ಇದೆ, ಅದಕ್ಕೆ ಔಷಧಿಯಿಲ್ಲ ಎಂದರು. ಆಮೇಲೆ, ಅಕ್ಕನನ್ನು ಕರೆದುಕೊಂಡು ನಾನೇ ಅಲ್ಲಿಗೆ ಬರುತ್ತೇನೆ ಎಂದರು.

ಮಧ್ಯಾಹ್ನ ಟ್ಯಾಕ್ಸಿಯಲ್ಲಿ ಬಂದರು. ಆಂಟಿಗೆ ಯಾಕೆ ಬಂದಿದ್ದೇವೆಂದು ದಾರಿಯಲ್ಲೇ ಹೇಳಿಯಾಗಿತ್ತು, ಮುಖ ಕೆಂಪಾಗಿತ್ತು. ಮೂರ್ತಿಪೂಜೆ ನಿಷಿದ್ಧವಾದ ಧರ್ಮದವರಾದ ಅಂಕಲ್ ಶೆಲ್ಟರಿನ ಬಾಗಿಲಿಗೆ ಬಂದು, ದೇವರುಗಳನ್ನು ನೋಡಲೂ ಆಗದೆ ಪುಸ್ತಕ ನೋಡದಿರಲೂ ಆಗದೆ, ಯಂತ್ರವನ್ನೇ ದಿಟ್ಟಿಸುತ್ತ ಹೊರಗೇ ನಿಂತರು. ಆಂಟಿಗೆ ಅದೇನೂ ಇರಲಿಲ್ಲ. ಕಲ್ಕತ್ತೆಯಲ್ಲಿ ಆಯಾಳ ಸೊಂಟದ ಮೇಲೆ ಕೂತು ಎಷ್ಟೋ ಪೂಜೆ ನೋಡಿದವರು. ಚಪ್ಪಲಿ ಬಿಟ್ಟು ಒಳಗೆ ಹೋಗಿ, ಅತ್ತೆ ಕೊಟ್ಟ ಮಣೆಯ ಮೇಲೆ ಕೂತು, ಎಪ್ಪತ್ತು ವರ್ಷದ ಹಿಂದಿನ ಹಿಂದಿಯಲ್ಲಿ ಮಾತಾಡಿಸಿದರು. ಅತ್ತೆಗೆ ಸಿನಿಮಾದ ಹಿಂದಿ ಬರುತ್ತಿತ್ತು. ಸೆಕೆ, ಮೊಣಕಾಲು, ತಮ್ಮಂದಿರ ದಡ್ಡತನ ಈ ಮೂರರಲ್ಲೂ ಇಬ್ಬರಿಗೂ ಒಮ್ಮತವಿತ್ತು.

ಆಮೇಲೆ ಆಂಟಿ ಪುಸ್ತಕದ ಕಡೆ ನೋಡಿದರು. ಅಮ್ಮನದೇ ಹೌದೋ ಅಲ್ಲವೋ ತಮಗೆ ಒಂದು ಪುಟ ನೋಡಿದರೆ ಗೊತ್ತಾಗುತ್ತದೆ ಎಂದರು. "ರೊಟ್ಟಿ ಲಟ್ಟಿಸೋ ಹೆಂಗಸರ ಪುಟ. ಅದರ ಮೇಲೆ ಖರ್ಜೂರದ ಪಾಕ ಚೆಲ್ಲಿದವಳು ನಾನೇ. ಅಮ್ಮ ಹೊಡೆದಿದ್ದಳು. ರೂಬಿ ಆಗ ಹುಟ್ಟಿರ್ಲಿಲ್ಲ."

ಆ ಪುಟವನ್ನು ನಾನು ಬಲ್ಲೆ. ಲೆನ್ಸ್ ಹಿಡಿದು ನೋಡಿದ್ದೇನೆ, ಅಲ್ಲಿ ಸ್ವಚ್ಛ ಕಾಗದ ಬಿಟ್ಟರೆ ಏನೂ ಇಲ್ಲ. ಬಾಗಿಲಲ್ಲಿ ಅಂಕಲ್ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಇಷ್ಟು ವರ್ಷ ಅವರ ಮೇಲೆ ಗೊಣಗಿದವಳಿಗೆ ಆ ಮುಖ ನೋಡಿ ಅಳು ಬಂತು. ಮದುವೆಯಾದ ಮೇಲೆ ಮೊದಲ ಸಲ ನಾನು ಪೂರ್ತಿಯಾಗಿ ಅತ್ತೆಯ ಪಕ್ಷ ಸೇರಿದೆ. ಸರಸ್ವತಿ ಕೂತಿದ್ದಾಳೆ, ಪುಸ್ತಕ ಓದಬಾರದು, ಪುಟ ತಿರುಗಿಸಬಾರದು, ಶಾಸ್ತ್ರದಲ್ಲೇ ಹೇಳಿದೆ ಎಂದು ಇಂಗ್ಲಿಷಿನಲ್ಲಿ ಒಂದು ಭಾಷಣವನ್ನೇ ಮಾಡಿದೆ. ಆಂಟಿ ತಲೆಯಾಡಿಸಿ, ನಿಯಮ ನಿಯಮವೇ ಎಂದು ಏಳಲು ಹೊರಟರು. ಎದ್ದುಹೋಗಿದ್ದರೆ ಎಲ್ಲ ಸರಿಹೋಗುತ್ತಿತ್ತು. ಆದರೆ ಏಳುವಾಗ ಅವರ ಕಣ್ಣಲ್ಲಿ ನೀರಿತ್ತು, ಅದನ್ನು ಅತ್ತೆ ನೋಡಿಬಿಟ್ಟರು. ಏನಾಯಿತೆಂದು ಹಿಂದಿಯಲ್ಲಿ ಕೇಳಿದರು. ಅಮ್ಮನ ಪುಸ್ತಕ, ಒಂದು ಪುಟ ನೋಡಬೇಕಿತ್ತು ಎಂದು ಆಂಟಿ ಹೇಳಿದರು.

"ಓದಬಾರ್ದು ಅಂತ ಇರೋದು" ಎಂದರು ಅತ್ತೆ, ನನ್ನ ಕಡೆ ತಿರುಗಿ. "ಓದಕ್ಕೆ ಬರದವರು ತೆಗೆದರೆ ಓದಿದ ಹಾಗಲ್ಲ. ನೀನು ತೆಗೆದು ತೋರಿಸು ವಾಣಿ. ನಿಂಗೇನೂ ಬರಲ್ವಲ್ಲ."

ಗಂಡ ಕೆಮ್ಮಿದ. ನಾನು ಹೀಬ್ರೂ ಪಂಡಿತೆ ಎಂದು ಮೈಸೂರಿಗೆಲ್ಲ ಸಾರಿದವರು ಇವರೇ. ಯಾವಾಗ ಗೊತ್ತಾಯಿತು ಎಂದು ಕೇಳುವ ಹೊತ್ತು ಅದಲ್ಲ, ಆದರೂ ನನ್ನ ಮುಖ ಕೇಳಿರಬೇಕು. "ನೋಡ್ತಿರ್ತೀನಲ್ಲ, ಪುಸ್ತಕ ನೋಡೋವಾಗ ನಿನ್ನ ಕಣ್ಣು ಆ ಕಡೆ ಈ ಕಡೆ ಓಡಲ್ಲ, ಒಂದೇ ಕಡೆ ನಿಂತಿರುತ್ತೆ" ಎಂದರು. ನಾನು ಕೈ ತೊಳೆದುಕೊಂಡು ಬಂದೆ. ನಮ್ಮ ಅಭ್ಯಾಸದಂತೆ ಎಡದಿಂದ ಪುಟ ತಿರುವುತ್ತ, ಕುಂಕುಮದ ಪುಟ ದಾಟಿ, ಹಿಂದಿನಿಂದ ಮುಂದಕ್ಕೆ ಹೋದೆ. ಹೆಂಗಸರು ಬಂದರು. ಸೆರಗು ಸಿಕ್ಕಿಸಿಕೊಂಡು ಲಟ್ಟಿಸುತ್ತಲೇ ಇದ್ದರು. ಕಾಗದ ಹಾಲಿನ ಹಾಗಿತ್ತು.

ಆಂಟಿ ಬಗ್ಗಿ ನೋಡಿದರು. ಚಿತ್ರದ ಕೆಳಗೆ ಖಾಲಿ ಜಾಗದ ಮೇಲೆ ಹೆಬ್ಬೆರಳು ಸವರಿದರು. ಮತ್ತೊಮ್ಮೆ ಸವರಿದರು. ಆಮೇಲೆ ತಲೆಯೆತ್ತಿ ಬಾಗಿಲಲ್ಲಿ ನಿಂತ ತಮ್ಮನನ್ನು ನೋಡಿದರು.

"ಇದೇ ರೂಬಿ. ಇಲ್ಲಿ ನೋಡು, ಇನ್ನೂ ಅಂಟು ಹೋಗಿಲ್ಲ."

ಅಂಕಲ್ ದೇವರುಗಳನ್ನು ಮರೆತು ಒಳಗೆ ಬಂದರು. ಅವರಿಗೆ ಎರಡೂ ಕಣ್ಣಲ್ಲಿ ಪೊರೆ. ಬಗ್ಗಿ ನೋಡಿ, ಹೌದು, ಮಾಸಿದೆ, ಆದರೂ ಕಾಣುತ್ತೆ ಎಂದರು. ಅಕ್ಕನ ಕೈ ಹಿಡಿದುಕೊಂಡರು. ಆಂಟಿ ತಮ್ಮನ ತಲೆ ನೇವರಿಸಿ, ಬಾತ್‌ಟಬ್ಬಿನದು ಮಾತ್ರ ಮುಂದಿನ ವರ್ಷ ಕ್ಷಮಿಸ್ತೀನಿ ಎಂದರು. ಅತ್ತೆ ಇಬ್ಬರಿಗೂ ಉಸಲಿ ತಂದರು. ಹೊರಗೆ ತಿನ್ನುವುದಕ್ಕೆ ಅವರಿಗೆ ತಮ್ಮದೇ ಕಟ್ಟುಪಾಡುಗಳಿದ್ದುದರಿಂದ ಬಾಳೆಹಣ್ಣು ಮಾತ್ರ ತೆಗೆದುಕೊಂಡರು. ಅದನ್ನೂ ಅತ್ತೆ ಮೆಚ್ಚಿದರು.

ಲಿಫ್ಟಿನವರೆಗೆ ಬಿಡಲು ಹೋದೆ. ಅಂಕಲ್ ಟ್ಯಾಕ್ಸಿಗೆ ಫೋನು ಮಾಡುತ್ತ ಆ ಕಡೆ ನಿಂತಿದ್ದರು. ಆಂಟಿ ನನ್ನ ತೋಳು ಹಿಡಿದುಕೊಂಡು, ಅಮ್ಮನ ಪುಸ್ತಕ ಇದಕ್ಕಿಂತ ಸಣ್ಣದು, ರಟ್ಟು ನೀಲಿ ಬಟ್ಟೆಯದು ಎಂದರು. ಆಗಲೇ ಒತ್ತಿದ್ದ ಲಿಫ್ಟಿನ ಗುಂಡಿಯನ್ನು ಮತ್ತೊಮ್ಮೆ ಒತ್ತಿದೆ. "ಸಂಜೆಯಿಂದ ಹೇಗೂ ಉಪವಾಸ. ಈ ಸುಳ್ಳನ್ನೂ ಅದರಲ್ಲೇ ಸೇರಿಸಿಬಿಡ್ತೀನಿ" ಎಂದರು. ಲಿಫ್ಟು ಬಂತು. ಅದರೊಳಗೆ ಅಕ್ಕತಮ್ಮ ಇಬ್ಬರೂ ಕೈ ಹಿಡಿದುಕೊಂಡೇ ನಿಂತಿದ್ದರು.

ಏಕಾದಶಿಯ ದಿನ ಪುಸ್ತಕವನ್ನು ಕಟೊಂಗಿಗೆ ಒಯ್ದು ಕೊಟ್ಟೆ. ಕುಂಕುಮ ತೆಗೆಸೋಣವೆಂದರೆ ಆಂಟಿ ಒಪ್ಪಲಿಲ್ಲ. ಹಗ್ಗಡಾ ಎಂದ ಮೇಲೆ ಕಲೆ ಇರಬೇಕು, ಇದಕ್ಕೂ ಒಂದಾಯಿತು ಎಂದರು. ಕಂಪ್ಯೂಟರಿನಲ್ಲಿ ಕೊನೆಯ ಪುಟಕ್ಕೆ ಕೆಂಪು ಕಲೆ ಎಂದೂ, ಪುಸ್ತಕ ಎಲ್ಲಿಂದ ಬಂತು ಎಂಬಲ್ಲಿ ಮನೆತನದ್ದು ಎಂದೂ ಹಾಕಿದೆ. ರೊಟ್ಟಿಯ ಪುಟದ ಮುಂದೆ ಖರ್ಜೂರದ ಪಾಕ, ಮಾಸಿದ್ದು ಎಂದು ಬರೆದೆ. ಕಲಿತ ವಿದ್ಯೆಗೆ ಅದು ದ್ರೋಹ. ಆದರೆ ಓದಲು ಬಾರದವಳು ಎಂದು ಸಾಬೀತಾದ ಮೇಲೆ ನೋಡಲು ಬರುತ್ತದೆ ಎಂದು ವಾದಿಸುವುದಕ್ಕೆ ನನಗೂ ಉತ್ಸಾಹವಿರಲಿಲ್ಲ.

ಇದರಿಂದ ನನ್ನ ದಣಿವು ಕಡಿಮೆಯಾಯಿತೆಂದು ನೀವು ತಿಳಿದಿದ್ದರೆ ತಪ್ಪು. ಅಮ್ಮನ ಪುಸ್ತಕ ಸಿಕ್ಕಿತಲ್ಲ, ಇನ್ನು ನಿಲ್ಲಿಸುತ್ತಾರೆ ಎಂದು ನಾನೂ ಎಣಿಸಿದ್ದೆ. ವಾರ ಕಳೆಯುವುದರೊಳಗೆ ಫೋನು ಬಂತು. ವಾಣಿ, ಕೂತಿದೀಯಾ ಎಂದರು. ಅಮ್ಮನದೇ ಸಿಕ್ಕಿದ ಮೇಲೆ ತಾತ ಬರೆದದ್ದು ಇನ್ನೂ ಎಲ್ಲೆಲ್ಲಿ ಇದೆಯೋ ಹುಡುಕು ಎಂದು ಅಕ್ಕನೇ ಹೇಳಿದಳಂತೆ. ಆಂಟಿ ನಿಜವಾಗಿಯೂ ಹಾಗೆ ಹೇಳಿದರೋ ಎಂದು ನಾನು ವಿಚಾರಿಸಲಿಲ್ಲ. ಪೆಟ್ಟಿಗೆ ಮಾತ್ರ ಸೆಂಗ್‌ಕಾಂಗಿಗೇ ಬಂತು.

ಈ ಸಲವಾದರೂ ಮರ್ಯಾದೆ ಉಳಿಸಿಕೊಳ್ಳೋಣವೆಂದು ಮತ್ತೆ ಹೀಬ್ರೂ ಕ್ಲಾಸಿಗೆ ಸೇರುತ್ತೇನೆ ಎಂದು ಮನೆಯಲ್ಲಿ ಘೋಷಿಸಿದೆ. ಅತ್ತೆ ಊರಿಗೆ ಹೊರಡಲು ಗೊಂಬೆಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತುತ್ತಿದ್ದರು. ರಾಣಿಯ ಮುಖ ಮುಚ್ಚಿ, ರಾಜನನ್ನು ಕೈಗೆತ್ತಿಕೊಂಡು ನನ್ನ ಕಡೆ ನೋಡಿದರು.

"ಸುಮ್ನಿರು ಮಾರಾಯ್ತಿ, ನೀನೂ ಕಲಿತುಬಿಟ್ರೆ ಮುಂದಿನ ವರ್ಷ ಹೆಗ್ಗಡೆಯವರ ಪುಸ್ತಕ ತೆಗೆದು ತೋರಿಸೋರು ಯಾರು?"